ಪೆಟ್ಟಿಗೆಯ ಆಚೆ ಬದಿ

ಕಫಿ ತಾತ ಶವಪೆಟ್ಟಿಗೆಗೆ ಕೊನೆಯ ಮೊಳೆ ಹೊಡೆಯುತ್ತಿದ್ದಾಗ ಬೈನಾ ಭತ್ತದ ಗದ್ದೆಯಿಂದ ಕೆಸರುಗಾಲಲ್ಲೇ ಓಡಿಬಂದಳು. ಪಾಲಿಗೆ ಬಂದ ಕಳೆ ಕಿತ್ತು ಮುಗಿಸದೆ ಯಾರೂ ಮಣ್ಣಿಗೆ ಹೋಗುವಂತಿಲ್ಲವೆಂದು ಮೇಸ್ತ್ರಿ ಬೆಳಿಗ್ಗೆಯೇ ಕೂಗಿ ಹೇಳಿದ್ದ. ಈಗ ಅವನು ಓಕ್ ಮರದಡಿ ಕುದುರೆಯ ಮೇಲೆ ಕೂತು, ಹಾಡು ಜೋರಾದಾಗಲೆಲ್ಲ ಚಾವಟಿ ಎತ್ತಿ ತೋರಿಸುತ್ತಿದ್ದ. ಗುಲಾಮರ ಸಾವಿಗೂ ಒಬ್ಬ ಬಿಳಿಯನ ಕಾವಲು ಬೇಕು.

ಬೈನಾಳ ಕಣ್ಣು ಮೊದಲು ಹುಡುಕಿದ್ದು ಮಗಳನ್ನು. ಸೂಕಿ ಪೆಟ್ಟಿಗೆಯ ತಲೆಕಡೆ ಕೂತು, ಸತ್ತವಳ ಸೌಟನ್ನು ಎದೆಗವಚಿಕೊಂಡು ಅಳುತ್ತಿದ್ದಳು. ಹೆತ್ತವಳು ಬಂದದ್ದನ್ನು ನೋಡಲೂ ಇಲ್ಲ. ಬೈನಾಳ ಹೊಟ್ಟೆಗೆ ಬೆಂಕಿ ಬಿತ್ತು. ಬದುಕಿದ್ದಾಗ ಕಿತ್ತುಕೊಂಡಳು, ಸತ್ತ ಮೇಲೂ ಬಿಡುತ್ತಿಲ್ಲವಲ್ಲ ಈ ಫೀಬಾ!

“ಪುಣ್ಯವಂತೆ ಕಣೆ,” ಪಕ್ಕದ ಗುಡಿಸಲ ಡೈಡೋ ಮೂಗು ಸೀಟಿದಳು. “ಹೊಟ್ಟೇಲಿ ಹುಟ್ಟದಿದ್ರೂ ಹೆಂಗೆ ಅಳ್ತೈತೆ ನೋಡು ಮಗು.”

“ಅಡುಗೆಮನೆಯೋಳಲ್ವಾ? ಬೆಣ್ಣೆ ಕೈಲಿ ತಲೆ ಸವರಿದ್ಲು. ನಮ್ಮ ಕೈಲಿರೋದು ಬರೀ ಕೆಸರು.”

“ಥೂ, ಸತ್ತೋರ ಮೇಲೂ ಹೊಟ್ಟೆಕಿಚ್ಚಾ! ಈ ಹುಡುಗಿ ಇಲ್ದೆ ಒಲೆ ಉರಿಯಲ್ಲ ಅಂತ ದೊರೆಸಾನಿ ಕಾಲು ಹಿಡಿದೋಳು ಅವಳು. ಇಲ್ದಿದ್ರೆ ನಿನ್ನ ಮಗಳು ಚಾರ್ಲ್ಸ್‌ಟನ್ ಹರಾಜಿಗೆ ಹೋಗ್ತಿದ್ಲು.”

“ಗೊತ್ತು,” ಎಂದಳು ಬೈನಾ. “ಅದಕ್ಕೇ ಇನ್ನೂ ಉರಿಯುತ್ತೆ.”

* * *

ಸೂಕಿಗೆ ಆರು ತುಂಬಿದಾಗ ದೊರೆಸಾನಿ ಅವಳನ್ನು ದೊಡ್ಡಮನೆಗೆ ಕರೆಸಿಕೊಂಡಿದ್ದಳು. ಫೀಬಾಳ ಕೈಕೆಳಗೆ ಕೆಲಸ, ಒಲೆಯ ಬದಿಯಲ್ಲೇ ನಿದ್ದೆ. ಗದ್ದೆಯವರು ಬೇಲಿ ದಾಟಕೂಡದು. ತಾಯಿ ಮಗಳ ಭೇಟಿ ಭಾನುವಾರ, ಬೇಲಿಯ ಆಚೆ ಈಚೆ ನಿಂತು.

ಅಂಥ ಒಂದು ಭಾನುವಾರ, ವಾರವೆಲ್ಲ ಮುಚ್ಚಿಟ್ಟಿದ್ದ ಗೆಣಸನ್ನು ಸುಟ್ಟು ತಂದಿದ್ದಳು ಬೈನಾ. ಸೂಕಿ ಓಡಿ ಬರುತ್ತಾ ಎಡವಿ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ಬೈನಾ ಬೇಲಿಯ ಮೇಲಿಂದ ಎರಡೂ ಕೈ ಚಾಚಿದಳು. ಮಗು ಒಮ್ಮೆ ಆ ಕೈಗಳನ್ನು ನೋಡಿತು. ನೋಡಿ, ತಿರುಗಿ, “ಅವ್ವಾ!” ಎನ್ನುತ್ತಾ ಅಡುಗೆಮನೆಗೆ ಓಡಿತು. ಬಾಗಿಲಲ್ಲಿದ್ದ ಫೀಬಾ ಎತ್ತಿಕೊಂಡಳು. ಬೈನಾಳತ್ತ ಒಮ್ಮೆ ನೋಡಿ ಒಳಗೆ ಹೋದಳು.

ಬೈನಾ ಗೆಣಸನ್ನು ಹಂದಿಗಳಿಗೆ ಎಸೆದಳು.

* * *

“ಫೀಬಾಗೆ ದಾಟಿಸೋಕೆ ಮಕ್ಕಳಿಲ್ಲ. ಪೆಟ್ಟಿಗೆ ಎತ್ರಪ್ಪಾ,” ಎಂದ ಕಫಿ ತಾತ.

ತಾಯಿ ಸತ್ತರೆ ಅವಳ ಕೂಸನ್ನು ಈ ಬದಿಯವರು ಪೆಟ್ಟಿಗೆಯ ಮೇಲಿಂದ ಎತ್ತಿ ಆ ಬದಿಯವರಿಗೆ ಕೊಡಬೇಕು. ಇಲ್ಲದಿದ್ದರೆ ಅವಳು ಮಮತೆ ತಡೆಯದೆ ತಿರುಗಿ ಬಂದು ಕೂಸನ್ನೂ ಕರೆದೊಯ್ಯುತ್ತಾಳೆ.

“ನಿಲ್ಲಿ,” ಎಂದಳು ಬೈನಾ. “ಸೂಕೀನ ದಾಟಿಸ್ಬೇಕು.”

“ಹನ್ನೆರಡು ವರ್ಷದ ಕತ್ತೇನಾ?” ಯಾರೋ ನಕ್ಕರು.

ತಾತ ನಗಲಿಲ್ಲ. “ಅದು ತಾಯಿ ಸತ್ರೆ ಮಾಡೋದು ಕಣವ್ವ. ನೀನು ಬದುಕಿದ್ದೀಯಲ್ಲ. ಎಲ್ಲರ ಮುಂದೆ ಏನು ಒಪ್ಕೊಳ್ತಿದ್ದೀಯ, ಗೊತ್ತಾ?”

“ಗೊತ್ತು. ಅವಳ ಹಿಡಿತ ಬಿಡಿಸು ತಾತ. ನನ್ನ ಮಗಳು ನಂಗೆ ಬೇಕು.”

“ನಾನು ದಾಟಲ್ಲ!” ಸೂಕಿ ಚೀರಿದಳು. “ಅವ್ವ ಬಂದ್ರೆ ಬರ್ಲಿ. ಕರ್ಕೊಂಡು ಹೋಗ್ಲಿ.”

ಬೈನಾ ಅವಳನ್ನು ಬಾಚಿ ಪೆಟ್ಟಿಗೆಯ ಮೇಲಕ್ಕೆ ಎತ್ತಿದಳು. ಆರು ವರ್ಷದಿಂದ ಎತ್ತಿರದ ಮಗಳು ಭಾರವಾಗಿದ್ದಳು, ಕೂದಲಿಗೆ ಫೀಬಾಳ ಒಲೆಯ ಹೊಗೆ ಹತ್ತಿತ್ತು. ಕೈಕಾಲು ಬಡಿದಳು, ಕೊಸರಿದಳು. ಕೆಳಗೆ ಪೆಟ್ಟಿಗೆ ಕಂಡಾಗ, ಭಯಕ್ಕೋ ಏನೋ, ಸೌಟು ಬಿಟ್ಟು ಬೈನಾಳ ಕುತ್ತಿಗೆಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಸೌಟು ಹಲಗೆಯ ಮೇಲೆ ಸದ್ದು ಮಾಡಿ ಬಿತ್ತು.

ಆಚೆ ಬದಿಯಲ್ಲಿ ತಾತ ಕೈ ಚಾಚಿ ನಿಂತಿದ್ದ. “ಕೊಡವ್ವ.”

ಬೈನಾ ಕೊಡಲಿಲ್ಲ.

“ನೀನು ಬಿಟ್ರೇನೇ ಅವಳು ದಾಟೋದು.”

ದೊಡ್ಡಮನೆಯ ಗಂಟೆ ಬಾರಿಸಿತು. ರಾತ್ರಿಯೂಟಕ್ಕೆ ಇನ್ನು ಸೂಕಿಯೇ ಒಲೆ ಹಚ್ಚಬೇಕು. ಮೇಸ್ತ್ರಿ ಕುದುರೆಯನ್ನು ಹತ್ತಿರ ತಂದ. ಕೆಸರು ಒಣಗಿದ ಬೈನಾಳ ಬೆರಳುಗಳು ಮಗಳ ಬೆನ್ನ ಮೇಲೆ ಒಂದರೊಳಗೊಂದು ಹೆಣೆದುಕೊಂಡೇ ಇದ್ದವು.