ಕ್ಯಾಮೆರಾ ಹಿಂದಿನ ದನಿ

ಅಂದು ಬೆಳಿಗ್ಗೆ ಮಂಜು ಬೀದಿಗಿಳಿದು ಕೂತುಬಿಟ್ಟಿತ್ತು. ಎದುರು ಸಾಲಿನ ಅಂಗಡಿಗಳು ಕಾಣುತ್ತಿರಲಿಲ್ಲ, ಅವುಗಳ ಕಬ್ಬಿಣದ ಬಾಗಿಲು ಮೇಲೇರುವ ಸದ್ದು ಮಾತ್ರ ಕೇಳುತ್ತಿತ್ತು. ಹಿಂದಿನ ಕೋಣೆಯಲ್ಲಿ ಮಗಳು ಮತ್ತೊಂದು ರಟ್ಟಿನ ಡಬ್ಬವನ್ನು ನೆಲಕ್ಕೆ ಬೋರಲು ಹಾಕಿ, ಮಂಡಿಯೂರಿ, ಕ್ಯಾಸೆಟ್ಟಿನ ಹೊದಿಕೆಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಿದ್ದಳು. ಎಲ್ಲವೂ ಬರೀ ಹೊದಿಕೆ. ಒಳಗೆ ಟೇಪಿಲ್ಲ.

ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ತಲೆಯ ಹತ್ತಿರ ಅಮ್ಮ ಕೂತಿದ್ದಳು.

"ಮುಖ ನೋಡ್ಕೊಳ್ಳಿ ಅಂತ ಬಂದೋರೆಲ್ಲ ಹೇಳ್ತಾರೆ" ಎಂದಿದ್ದಳು ಅಮ್ಮ, ಬೆಳಕು ಹರಿಯುವ ಮುಂಚೆಯೇ. "ನಾನೆಲ್ಲಿಂದ ನೋಡ್ಲಿ? ಮುಟ್ಟಿದೆ. ತಣ್ಣಗಿದೆ. ಅದು ಅವರಲ್ಲ. ಮಗಳೇ, ಒಂದೇ ಒಂದು ಸಲ ಅವರ ದನಿ ಕೇಳಿಸು. ಅವರಿನ್ನೂ ಮನೇಲಿರುವಾಗ್ಲೇ ಕೇಳಿಸು. ಹೊರಟುಹೋದ ಮೇಲೆ ಕೇಳಿದ್ರೆ ಅದು ಬರೀ ಟೇಪು."

ಅಮ್ಮನ ಕಣ್ಣಿನ ನೋಟ ಅಂಚಿನಿಂದ ಮುಚ್ಚುತ್ತ ಮುಚ್ಚುತ್ತ ಒಂದು ದಿನ ಪೂರ್ತಿ ಮುಚ್ಚಿಕೊಂಡಿತ್ತು. ಅಷ್ಟರೊಳಗೆ ಅಪ್ಪನ ಗಂಟಲಿನ ಗಡ್ಡೆ ತೆಗೆಯುವಾಗ ದನಿಯೂ ಹೋಗಿತ್ತು. ಆಮೇಲೆ ಆತ ಹೇಳಬೇಕಾದದ್ದನ್ನೆಲ್ಲ ಆಕೆಯ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದ. ಕೊಟ್ಟವನು ಒಂದು ಕೈಯಿಂದ ಹೀಗೆ ಕಿತ್ತುಕೊಂಡರೂ ಇನ್ನೊಂದು ಕೈಯಿಂದ ಅಷ್ಟಾದರೂ ಉಳಿಸಿದ್ದಾನಲ್ಲ ಎಂದು ಇಬ್ಬರೂ ದೇವರ ಮೇಲೆ ಮುನಿಸಿಕೊಳ್ಳದೆ ಬದುಕಿದರು. ನಿನ್ನೆ ಸಂಜೆ ಆ ಬೆರಳೂ ನಿಂತಿತು.

ಬಾಗಿಲಲ್ಲಿ ಸೋದರಮಾವ ಇಣುಕಿದ. ಬೆಳಗಿನಿಂದ ಎಲ್ಲದರ ಉಸ್ತುವಾರಿ ಅವನದೇ.

"ಏನಮ್ಮಾ ಇದು, ಅಲ್ಲಿ ಹೆಣ ಇಟ್ಕೊಂಡು ಇಲ್ಲಿ ಡಬ್ಬ ಸುರೀತಾ ಕೂತಿದೀಯ?"

"ದನಿ ಹುಡುಕ್ತಿದೀನಿ ಮಾವ."

"ಊರಿಗೆಲ್ಲ ಟೇಪ್ ಮಾಡಿಕೊಟ್ಟ ಮನೇಲಿ ದನಿಗೆ ಬರಗಾಲವೇ? ಬೇಗ ನೋಡು. ಮಂಜು ಎದ್ದ ಕೂಡಲೇ ಹೊರಡ್ಬೇಕು ಅಂತಿದಾನೆ ವ್ಯಾನಿನವನು. ಅವನಿಗೆ ಇನ್ನೊಂದು ಮನೆಗೆ ಹೋಗೋದಿದೆಯಂತೆ."

*

ಅಪ್ಪ ಮೊದಲು ವಿಡಿಯೋ ತೆಗೆಯುತ್ತಿದ್ದ. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ನಾಲ್ಕು ಜನ ಸೇರಿದರೂ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಅವನಿರುತ್ತಿದ್ದ. ಎಲ್ಲರ ಕೈಗೂ ಮೊಬೈಲು ಬಂದಮೇಲೆ ಕ್ಯಾಮೆರಾ ಇಳಿಸಿದ. ಮನೆಮನೆಯಲ್ಲಿ ಕೂತು ಬೂಸ್ಟು ಹಿಡಿಯುತ್ತಿದ್ದ ಹಳೆಯ ಟೇಪುಗಳನ್ನು ತರಿಸಿಕೊಂಡು, ಓಡಿಸಿ, ಕಂಪ್ಯೂಟರಿಗೆ ಇಳಿಸಿ, ಆ ದೊಡ್ಡ ಫೈಲನ್ನು ಹಿಂಡಿ ಸಣ್ಣದು ಮಾಡಿ, ಯಾವ ಟೀವಿಯಲ್ಲಾದರೂ ಓಡುವ ಹಾಗೆ ಕೊಡತೊಡಗಿದ.

ಅದಕ್ಕೆ ಬೇಕಾದ ಸಾಫ್ಟ್‌ವೇರೆಲ್ಲ ಪುಕ್ಕಟೆ ಸಿಗುವಂಥದ್ದು. ಓಡಿಸುವುದೊಂದು, ಹಿಂಡುವುದೊಂದು, ಕತ್ತರಿಸುವುದೊಂದು. ಮಗಳಿಗೆ ಮೊದಲು ನಂಬಿಕೆಯೇ ಬರಲಿಲ್ಲ.

"ಯಾರಪ್ಪಾ ಇದನ್ನ ಮಾಡಿದ್ದು? ದುಡ್ಡು ಕೇಳೋದಿಲ್ವಾ?"

"ಯಾರೋ ಪುಣ್ಯಾತ್ಮರು" ಎಂದಿದ್ದ ಅಪ್ಪ, ಆಗಿನ್ನೂ ಗಂಟಲು ಗಟ್ಟಿಯಿತ್ತು. "ಒಬ್ಬರಲ್ಲ, ಎಷ್ಟೋ ಜನ. ಒಬ್ಬರ ಮುಖ ಒಬ್ಬರು ನೋಡಿರೋದಿಲ್ಲ. ಹೇಗೆ ಮಾಡಿದ್ವಿ ಅನ್ನೋದನ್ನೂ ಮುಚ್ಚಿಟ್ಟಿಲ್ಲ, ಬೇಕಾದ್ರೆ ಬಿಚ್ಚಿ ನೋಡು, ತಿದ್ದು ಅಂತ ಬಿಟ್ಟಿದಾರೆ. ಅರವಟ್ಟಿಗೆ ನೀರಿದ್ದ ಹಾಗೆ. ಕುಡಿದು ಹೊಟ್ಟೆ ತಂಪಾಯ್ತು ಅಂದ್ಕೊಂಡು ಮುಂದೆ ಹೋಗೋದು."

ಆ ನೀರಿನ ಋಣಕ್ಕೋ ಏನೋ, ಬಡವರ ಟೇಪಿಗೆ ಅವನೂ ದುಡ್ಡು ಕೇಳಿ ಕೈಚಾಚುತ್ತಿರಲಿಲ್ಲ.

ಅವನದು ಎರಡು ಕಟ್ಟುನಿಟ್ಟು. ಗಿರಾಕಿ ಫೈಲು ತೆಗೆದುಕೊಂಡು ಹೋದಮೇಲೆ ನಮ್ಮ ಕಂಪ್ಯೂಟರಿನಲ್ಲಿ ಅದರ ಚೂರೂ ಉಳಿಯಕೂಡದು. ಇನ್ನೊಬ್ಬರ ಮನೆಯ ಮಾತು ನಮ್ಮ ಮನೆಯಲ್ಲಿ ಇರಬಾರದು. ಎರಡನೆಯದು, ಕ್ಯಾಮೆರಾ ಹಿಂದಿನ ದನಿಯನ್ನು ಕತ್ತರಿಸಿ ತೆಗೆಯಬೇಕು.

"ಸ್ವಲ್ಪ ಈ ಕಡೆ ಬನ್ನಿ, ನಗ್ರೀ, ಅಜ್ಜಿಗೆ ದಾರಿ ಬಿಡಿ, ಇದೆಲ್ಲ ನನ್ನ ಗಲಾಟೆ. ಅವರ ಸಂಭ್ರಮದಲ್ಲಿ ನಂದೇನು ಕೆಲಸ? ತೆಗಿ."

ಮಗಳು ಕತ್ತರಿಸುವುದನ್ನು ಕಲಿತದ್ದು ಮನೆಯ ಟೇಪುಗಳ ಮೇಲೆ. ಹೆರವರದ್ದು ಕೆಟ್ಟರೆ ಗತಿಯೇನು ಎಂದು ಅಪ್ಪ ಮೊದಲು ತಮ್ಮವನ್ನೇ ಕೊಟ್ಟಿದ್ದ. ಅವಳ ಕೈ ಎಷ್ಟು ಸಾಫಾಯಿತೆಂದರೆ, ಎಲ್ಲಿ ಕತ್ತರಿಸಿದ್ದು ಎಂದು ಅವನೇ ಹುಡುಕಬೇಕಾಯಿತು. "ಭೇಷ್" ಎಂದು ಅವಳ ತಲೆ ತಟ್ಟಿದ್ದ. ಬಳಿಕ ಆ ಟೇಪುಗಳು ಗುಜರಿಗೆ ಹೋದವು.

*

ಲ್ಯಾಪ್‌ಟಾಪನ್ನು ಎತ್ತಿಕೊಂಡು ಮಗಳು ಅಮ್ಮನ ಪಕ್ಕ ಬಂದು ಕೂತಳು. ಮನೆಯ ಫೈಲುಗಳಲ್ಲಿ ಒಂದಾದರೂ ಕತ್ತರಿಗೆ ಸಿಗದೆ ಉಳಿದಿರಬಹುದೆಂಬ ಆಸೆ. ತನ್ನದೇ ಮೊದಲ ಹುಟ್ಟುಹಬ್ಬದ್ದನ್ನು ಹಚ್ಚಿದಳು. ಅಮ್ಮ ಕಿವಿಗೊಟ್ಟಳು. ಮಗುವಿನ ಕೇಕೆ, ಅಜ್ಜಿಯ ಕೆಮ್ಮು, ತಟ್ಟೆ ಲೋಟಗಳ ಸದ್ದು.

"ನಿಲ್ಲಿಸು" ಎಂದಳು ಅಮ್ಮ. "ಈಗ ನಾನು ನಿನ್ನ ಎತ್ಕೊಂಡು ಒಳಗೆ ಬರ್ತೀನಿ ಅಲ್ವಾ? ಇಲ್ಲಿ ಅವರು, ನಿಧಾನ ಕಣೇ, ಹೊಸಿಲಿದೆ, ಅಂದ್ರು. ಎಲ್ಲಿ ಅದು?"

ಮಗಳು ಹಿಂದಕ್ಕೆ ತಂದು ಮತ್ತೆ ಓಡಿಸಿದಳು. ಅಮ್ಮನ ಹೆಜ್ಜೆ, ಮಗುವಿನ ಕೇಕೆ. ನಡುವೆ ಏನೂ ಇಲ್ಲ. ಇಲ್ಲವೆಂಬುದೂ ತಿಳಿಯದಷ್ಟು ನಯವಾಗಿತ್ತು ಕೆಲಸ.

"ಅದು... ಇದರಲ್ಲಿಲ್ಲ ಅಮ್ಮ."

"ಅಂದಿದ್ರು. ನಂಗೆ ಚೆನ್ನಾಗಿ ಜ್ಞಾಪಕ ಇದೆ."

ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. ಎದ್ದುನಿಂತು ಬಂದವರತ್ತ ತಿರುಗಿದಳು. ಸಾವಿನ ಮನೆಯಲ್ಲಿ ಹೀಗೆ ಕೇಳಬಹುದೋ ಬಾರದೋ ಎಂದು ಯೋಚಿಸುವ ಹೊತ್ತಾಗಿರಲಿಲ್ಲ.

"ಅಪ್ಪ ತೆಗೆದ ಟೇಪು, ನಾವು ಕತ್ತರಿಸದೇ ಇರೋದು, ಯಾರ ಮನೇಲಾದ್ರೂ ಇದೆಯಾ? ಒಂದೇ ಒಂದು ಮಾತಿದ್ರೂ ಸಾಕು."

"ನಮ್ಮ ಮದುವೇದಿತ್ತು" ಎಂದಳು ಬೇಕರಿಯಾಕೆ. "ಬರೀ ಊಟದ ಸಾಲೇ ತೆಗೆದಿದ್ರು. ನಾನೇ ಜಗಳ ಆಡಿದ್ದೆ, ಮದುಮಗಳು ನಾನೋ ಸಾರಿನ ಬಕೀಟೋ ಅಂತ." ನಕ್ಕವಳು ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಟೇಪು ಎಸೆದ್ವಿ ಕಣಮ್ಮ. ಫೈಲ್ ಬಂತಲ್ಲ, ಇನ್ನು ಜಾಗ ತಿನ್ನೋದು ಯಾಕೆ ಅಂತ ನೀನೇ ಹೇಳಿದ್ದೆ."

"ನಮ್ದೂ ಹಾಗೇ."

"ನಮ್ಮ ಮೊಮ್ಮಕ್ಕಳು ಆ ರೀಲು ಎಳೆದು ಎಳೆದು ಸೌತೇಕಾಯಿ ಬಳ್ಳಿಗೆ ಕಟ್ಟಿದ್ರು" ಎಂದ ನಿವೃತ್ತ ಪೋಸ್ಟ್‌ಮ್ಯಾನ್, ತಾನೇ ತಪ್ಪಿತಸ್ಥನ ಹಾಗೆ ತಲೆತಗ್ಗಿಸಿ.

"ಫೋನಲ್ಲಿ ಎಲ್ಲಾದ್ರೂ..."

"ಈಗಿರೋ ಫೋನು ತಗೊಂಡಾಗ ಅವರಿಗೆ ದನಿಯೆಲ್ಲಿತ್ತಮ್ಮ? ಹಳೇ ಫೋನಿನ ಜತೆ ಎಲ್ಲ ಹೋಯ್ತು."

ಬಾಗಿಲಿಗೊರಗಿ ಟೈಲರ್ ನಿಂತಿದ್ದ. ಕೊರಳಿನ ಅಳತೆಪಟ್ಟಿಯನ್ನೂ ತೆಗೆಯದೆ ಅಂಗಡಿಯಿಂದ ಹಾಗೇ ಬಂದಿದ್ದ. ಅಪ್ಪನ ಮುಖವನ್ನು ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಮಂಜಿನೊಳಗೆ ಇಳಿದುಬಿಟ್ಟ.

"ನೋಡು, ಹೊರಡೋವರೆಗೂ ನಿಲ್ಲಲಿಲ್ಲ ಮನುಷ್ಯ" ಎಂದಳು ಬೇಕರಿಯಾಕೆ. "ಏನು ಅರ್ಜೆಂಟೋ."

"ಪಾಪ, ಅವನನ್ನ ಏನೂ ಅನ್ಬೇಡಿ" ಎಂದ ಪೋಸ್ಟ್‌ಮ್ಯಾನ್. "ಸಾವಿನ ಮನೇಲಿ ನಿಂತ್ಕೊಳ್ಳೋ ಶಕ್ತಿ ಅವನಿಗಿಲ್ಲ. ಇದ್ದೊಬ್ಬಳೇ ಮಗಳು ಹೋದಾಗಿನಿಂದ ಹಾಗೇ."

ಮಗಳು ಮತ್ತೆ ಹಿಂದಿನ ಕೋಣೆಗೆ ಓಡಿದಳು. ಅಳಿಸಿದ ಫೈಲುಗಳನ್ನು ಮೇಲೆತ್ತುವ ಸಾಫ್ಟ್‌ವೇರೂ ಇದೆ, ಅದೂ ಪುಕ್ಕಟೆಯದೇ. ಅದನ್ನು ಹಚ್ಚಿ ಕಾದಳು. ಹೆಸರಿಲ್ಲದ ತುಂಡುಗಳು ಒಂದೊಂದಾಗಿ ಬಂದವು. ಒಂದರಲ್ಲಿ ಯಾರದೋ ಮದುವೆಯ ಬೆಳಕು, ಒಂದರಲ್ಲಿ ಯಾರದೋ ಅಳು, ಮಿಕ್ಕದ್ದೆಲ್ಲ ಕರಕರ ಸದ್ದು. ಒಂದು ತುಂಡಿನಲ್ಲಿ ಗಂಡು ದನಿಯ ಎಳೆಯೊಂದು ಸಿಕ್ಕಿದಂತಾಯಿತು. ಹೆಡ್‌ಫೋನ್ ಒತ್ತಿಹಿಡಿದು ಕೇಳಿದಳು. ಹಾಡುಗಾರನೊಬ್ಬ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅಪ್ಪ ಹೇಳಿದ್ದನ್ನು ಅವಳು ಶಿಸ್ತಾಗಿ ಪಾಲಿಸಿದ್ದಳು. ಅವನ ದನಿಯ ಚೂರೂ ಉಳಿದಿರಲಿಲ್ಲ.

"ದೇವರೇ" ಎಂದಳು. "ನೀನಾದ್ರೂ ಇಟ್ಕೊಂಡಿದ್ರೆ ಕೊಡಪ್ಪ."

ಕಿಟಕಿಯಾಚೆ ವಿದ್ಯುತ್ ಕಂಬ ಕಾಣಿಸತೊಡಗಿತು. ಆಮೇಲೆ ಅದರ ಹಿಂದಿನ ಗೋಡೆ. ಮಂಜು ಏಳುತ್ತಿತ್ತು.

*

ವ್ಯಾನಿನವನು ಹಾರ್ನ್ ಹೊಡೆಯಲಿಲ್ಲ, ಅಷ್ಟು ಮರ್ಯಾದೆ ಇತ್ತು. ಆದರೆ ಹಿಂದಿನ ಬಾಗಿಲು ತೆರೆದಿಟ್ಟು ಮೆಟ್ಟಿಲ ಬುಡಕ್ಕೆ ಬಂದು ನಿಂತ.

"ಸರಿ, ಕೈ ಕೊಡ್ರಪ್ಪ" ಎಂದ ಸೋದರಮಾವ. ನಾಲ್ವರು ಬಗ್ಗಿದರು.

"ಸಿಕ್ತಾ?" ಎಂದಳು ಅಮ್ಮ, ಮಗಳ ಹೆಜ್ಜೆಯ ಸದ್ದಿಗೆ ಮುಖವೆತ್ತಿ.

ಮಗಳು ಬಂದು ಅಮ್ಮನ ಹೆಗಲ ಮೇಲೆ ಕೈಯಿಟ್ಟಳು. ಅಮ್ಮನಿಗೆ ಅದೇ ಉತ್ತರವಾಯಿತು. ಆಕೆ ತನ್ನ ಅಂಗೈಯನ್ನು ಅಪ್ಪನ ಬೆರಳುಗಳ ಕೆಳಗೆ ತೂರಿಸಿ, ಅವನ ತೋರುಬೆರಳನ್ನು ತಾನೇ ಹಿಡಿದು, ಅಂಗೈ ಮೇಲೆ ಎಳೆಯತೊಡಗಿದಳು. ಬೆರಳು ಸೆಟೆದಿತ್ತು. ಅಕ್ಷರ ಮೂಡಲಿಲ್ಲ. ಬಗ್ಗಿದ್ದ ನಾಲ್ವರೂ ನೋಡಲಾರದೆ ಮುಖ ತಿರುಗಿಸಿಕೊಂಡರು.

"ಅಕ್ಕಾ, ಸಾಕು ಬಿಡು" ಎಂದ ಸೋದರಮಾವ. "ಎತ್ತಿ."

"ಎತ್ತಬೇಡಿ!"

ಟೈಲರ್ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ. ಮುಷ್ಟಿ ಬಿಚ್ಚಿದ. ಬಟ್ಟೆಯ ತುಂಡಿನಲ್ಲಿ ಸುತ್ತಿ ಹೊಲಿದಿಟ್ಟಿದ್ದ ಪೆನ್‌ಡ್ರೈವು. ಹೊಲಿಗೆಯನ್ನು ಈಗಷ್ಟೇ ಹಲ್ಲಿನಿಂದ ಕಿತ್ತಂತಿತ್ತು.

"ತಗೋಮ್ಮ. ಅವರದೇ ಇದು. ನನ್ನ ಮಗಳು ಶಾಲೆಯ ಓಟದ ಸ್ಪರ್ಧೇಲಿ ಓಡಿದ್ದು. ಅವರೇ ತೆಗೆದಿದ್ದು. ಅವಳು ಹೋದಮೇಲೆ ಟೇಪ್ ತಂದುಕೊಟ್ಟಿದ್ದೆ. ನೀನು ಅಮ್ಮನ ಕಣ್ಣಿಗೆ ಅಂತ ಆಸ್ಪತ್ರೇಲಿದ್ದೆ ಆಗ."

"ಕತ್ತರಿಸಿದ್ರಾ?"

"ಇಲ್ಲ." ಟೈಲರ್ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ, ತಲೆಯಲ್ಲಾಡಿಸಿ ತೋರಿಸಿದ. "ಹೀಗೆ ಮಾಡಿದ್ರು. ಕೈ ಮುಗಿದ್ರು. ಇದರಲ್ಲಿ ಯಾವ ಸದ್ದನ್ನೂ ತೆಗೆಯೋಕೆ ಅವರಿಗೆ ಮನಸ್ಸು ಬರಲಿಲ್ಲ ಅಂತ ಕಾಣುತ್ತೆ. ಹೇಗಿತ್ತೋ ಹಾಗೇ ಕೊಟ್ಟುಬಿಟ್ರು."

"ನೀವು ಕೇಳಿದೀರಾ? ಅಪ್ಪ ಮಾತಾಡಿದಾರಾ ಇದರಲ್ಲಿ?"

"ಗೊತ್ತಿಲ್ಲಮ್ಮ." ಟೈಲರ್ ನೆಲ ನೋಡಿದ. "ನಮ್ಮ ಟೀವೀಲಿ ಓಡಲೇ ಇಲ್ಲ. ಈ ಫೈಲು ಆಗೋದಿಲ್ಲ ಅಂತ ಬರುತ್ತೆ. ದುಡ್ಡೂ ಮುಟ್ಟಿರಲಿಲ್ಲ ಅವರು. ಪುಕ್ಕಟೆ ಮಾಡಿಸ್ಕೊಂಡು, ಮೇಲೆ ಓಡ್ತಿಲ್ಲ ಅಂತ ಹೋಗಿ ಹೇಗೆ ಹೇಳ್ಲಿ? ಒಳಗೆ ಅವಳಿದಾಳೆ ಅಂತ ಇಟ್ಕೊಂಡಿದ್ದೆ, ಅಷ್ಟೇ."

ಮಗಳಿಗೆ ಅರ್ಥವಾಯಿತು. ಟೀವಿಯಲ್ಲಿ ಓಡಬೇಕಾದರೆ ಹಿಂಡಬೇಕು. ಹಿಂಡಿದರೆ ಸದ್ದಿನ ಸಣ್ಣ ಎಳೆಗಳು ಉದುರುತ್ತವೆ. ಒಂದು ಉಸಿರೂ ಉದುರಬಾರದೆಂದು ಅಪ್ಪ ಕಚ್ಚಾ ಫೈಲನ್ನೇ ಕೊಟ್ಟಿದ್ದ. ಓಡುವುದಿಲ್ಲ ಎಂದು ಹೇಳಲು ಅವನಿಗೆ ದನಿಯಿರಲಿಲ್ಲ, ಇವನಿಗೆ ಬಾಯಿರಲಿಲ್ಲ.

ಲ್ಯಾಪ್‌ಟಾಪಿಗೆ ಚುಚ್ಚಿದಳು. ಪುಣ್ಯಾತ್ಮರು ಮಾಡಿಟ್ಟ ಆ ಪ್ಲೇಯರು ಏನೂ ತಕರಾರು ತೆಗೆಯದೆ ಫೈಲನ್ನು ತೆರೆಯಿತು. ಧೂಳಿನ ಮೈದಾನ, ಸುಣ್ಣದ ಗೆರೆಗಳು, ಸಾಲಾಗಿ ನಿಂತ ಹುಡುಗಿಯರು. ಸದ್ದು ತೀರಾ ಸಣ್ಣದು. ಮಗಳು ಹೆಡ್‌ಫೋನನ್ನು ಅಮ್ಮನ ಕಿವಿಗೆ ಹಾಕಿ, ದನಿ ಏರಿಸಿದಳು. ಪರದೆಯ ಮೇಲೆ ಚಿತ್ರ ಎಗರಾಡತೊಡಗಿತು. ತೆಗೆಯುವವನೂ ಹುಡುಗಿಯರ ಮುಂದೆ ಮುಂದೆ ಓಡುತ್ತಿದ್ದ.

ಅಮ್ಮನ ಕೆನ್ನೆ ಒಮ್ಮೆ ಅದುರಿತು.

"ಬಾ ಪುಟ್ಟಿ" ಎಂದಳು ಅಮ್ಮ, ಕೇಳಿದ್ದನ್ನೇ ಬಾಯಲ್ಲಿ ಹಿಡಿಯುತ್ತ. "ಬಾ ಬಾ... ಹಿಂದೆ ನೋಡ್ಬೇಡ, ನನ್ನ ಕಡೆ ನೋಡು... ಅಯ್ಯೋ, ಎಡವಿದ್ಯಾ... ಏನಾಗಲ್ಲ, ಏಳು, ಏಳಮ್ಮ, ಇನ್ನೇನು ಬಂದೇಬಿಡ್ತು..."

ಗಂಡನ ಮಾತುಗಳು ಹೆಂಡತಿಯ ಬಾಯಿಂದ ಆ ಮನೆಯಲ್ಲಿ ಒಂದೊಂದಾಗಿ ಬಿದ್ದವು. ಸೋದರಮಾವ ಗೋಡೆಗೆ ಹಣೆ ಹಚ್ಚಿ ನಿಂತ. ಅಮ್ಮನ ಒಂದು ಕೈ ಅಪ್ಪನ ಎದೆಯ ಮೇಲಿತ್ತು.

ಆಮೇಲೆ ಆಕೆ ಸುಮ್ಮನಾದಳು. ಮುಖ ಬೇರೆಯಾಯಿತು, ತನಗೆ ಸೇರದ ಮಾತು ಕಿವಿಗೆ ಬಿದ್ದವರ ಹಾಗೆ. ಪರದೆಯ ಮೇಲೆ ಮಂಡಿ ತರಚಿದ ಹುಡುಗಿಯೊಬ್ಬಳು ಎದ್ದುನಿಂತು, ಕ್ಯಾಮೆರಾದತ್ತ ನೋಡಿ ಬಾಯಿ ತೆರೆಯುತ್ತಿದ್ದಳು.

"ನಿಲ್ಲಿಸು ಮಗಳೇ."

ಮಗಳು ನಿಲ್ಲಿಸಿದಳು. ಅಮ್ಮ ಹೆಡ್‌ಫೋನನ್ನು ಎರಡೂ ಕೈಯಿಂದ ಬಿಡಿಸಿಕೊಂಡು ಗಾಳಿಯಲ್ಲಿ ತಡಕಾಡಿದಳು. ಟೈಲರ್ ಅವಳೆದುರು ಮಂಡಿಯೂರಿದ. ಆಕೆ ಅವನ ತಲೆ ಸವರಿ, ಕಿವಿ ಎಲ್ಲಿದೆಯೆಂದು ಬೆರಳಿನಲ್ಲಿ ಹುಡುಕಿ, ಜೋಪಾನವಾಗಿ ತೊಡಿಸಿದಳು.

"ತಗೋಪ್ಪ" ಎಂದಳು. "ಇಲ್ಲಿಂದ ನಿನ್ನ ಮಗಳು."