ಸೋಲುವ ಕೆಲಸ

“ಸೋಲೋದೂ ನೆಟ್ಟಗೆ ಬರಲ್ವೇನೋ ನಿಂಗೆ, ಬೋಳಿಮಗನೆ?”

ವೇಣುಗೋಪಾಲ್ ಹಿಂದಿನಿಂದ ಬಂದು ನನ್ನ ತಲೆಗೆ ಮೊಟಕಿದ. ಎದುರಿನ ಕಂಪ್ಯೂಟರಿನ ಮುಂದಿದ್ದ ಕಾಲೇಜು ಹುಡುಗ ಮುಖ ಊದಿಸಿಕೊಂಡು ಎದ್ದು ಹೋಗಿದ್ದ. ಆಟದಲ್ಲಿ ಅವನ ಟ್ಯಾಂಕನ್ನು ನಾನು ಮೂರನೇ ಸಲ ಒಡೆದುಹಾಕಿದ್ದೆ.

“ತಪ್ಪಾಯ್ತು ಚಿಕ್ಕ ಯಜಮಾನ್ರೆ. ಕೈ ಜಾರ್ತು.”

“ಕೈ ಜಾರ್ತಂತೆ ಕೈ. ಅವ್ನು ದುಡ್ಡು ಕೊಟ್ಟು ಬಂದವ್ನೆ ಕಣೋ. ದುಡ್ಡು ಕೊಟ್ಟೋನು ಗೆಲ್ಬೇಕು. ನಿನ್ನ ಯಾಕ್ ಕೂರ್ಸಿರೋದು ಇಲ್ಲಿ? ಸಾಯೋಕೆ. ನೆಟ್ಟಗೆ ಸಾಯಿ.”

ಇದು ನನ್ನ ಎರಡನೇ ಕೆಲಸ. ಮೊದಲನೆಯದು ಇವನ ಅಪ್ಪ ಆದಿನಾರಾಯಣಪ್ಪನವರ ಶೆಡ್ಡಿನಲ್ಲಿ ಸೀರೆ ನೇಯುವುದು. ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ನಮಗೆ ಕೂಲಿಯಿಲ್ಲ. ಹಾಗಂತ ನಮ್ಮ ಕೈ ಸುಮ್ಮನಿರುವುದನ್ನು ನೋಡಿದರೆ ಆದಿನಾರಾಯಣಪ್ಪನವರಿಗೆ ಹೊಟ್ಟೆಯುರಿ. ತೊಂಬತ್ತೆಂಟರಲ್ಲಿ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಮಗನಿಗೆ ಕಂಪ್ಯೂಟರ್ ಸೆಂಟರ್ ಹಾಕಿಕೊಟ್ಟು, ಅದಕ್ಕೊಂದು ಜನರೇಟರನ್ನೂ ತಂದಿಟ್ಟರು. ಅಲ್ಲಿಂದ ಶುರುವಾಯಿತು. ಕರೆಂಟು ಹೋದ ಮಧ್ಯಾಹ್ನ ನಾನೂ ಅನಿತಳೂ ಅಲ್ಲಿಗೆ ಹೋಗಬೇಕು. ಹಿಂದಿನ ಕೋಣೆಯಲ್ಲಿ ನಾಲ್ಕು ಕಂಪ್ಯೂಟರುಗಳನ್ನು ವೈರಿನಿಂದ ಒಂದಕ್ಕೊಂದು ಸೇರಿಸಿದ್ದರು. ಅವುಗಳ ಮುಂದೆ ಕೂತು ಗಿರಾಕಿಗಳ ಕೈಯಲ್ಲಿ ಸಾಯಬೇಕು. ಅನಿತ ನಮ್ಮ ಶೆಡ್ಡಿನಲ್ಲಿ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವವಳು. ಕಂಪ್ಯೂಟರ್ ಕೋಣೆಯ ಕಸ ಗುಡಿಸಲು ಮೊದಲು ಹೋದವಳು ಅವಳೇ. ಒಂದು ದಿನ ಆಟಕ್ಕೆ ಒಂದು ಆಳು ಕಡಿಮೆ ಬಿತ್ತು, ಪೊರಕೆ ಬಿಡಿಸಿ ಕೂರಿಸಿದರು.

ಪರದೆಯ ಮೇಲೆ ಗೋಡೆಗಳ ಸಂದಿಗೊಂದಿ. ಆ ಕಡೆಗೆ ಎರಡು ಟ್ಯಾಂಕು, ಈ ಕಡೆಗೆ ಎರಡು. ಯಾರ ಎರಡೂ ಟ್ಯಾಂಕು ಒಡೆದವೋ ಅವರು ಸೋತರು. ಅಷ್ಟೇ ಆಟ.

ಸೋಲುವುದು ಸುಲಭವೆಂದು ತಿಳಿಯಬೇಡಿ. ಬೇಗ ಸೋತರೆ ಗಿರಾಕಿಗೆ ಬೇಜಾರು. ಅವನನ್ನು ಓಡಾಡಿಸಿ, ಬೆವರಿಳಿಸಿ, ಇನ್ನೇನು ಸೋತೆ ಎಂದು ಅವನು ಹಲ್ಲು ಕಚ್ಚುವ ಹೊತ್ತಿಗೆ ನಾವು ಸಾಯಬೇಕು. ಅವನಿಗಿಂತ ಚೆನ್ನಾಗಿ ಆಡಲು ಬಂದರೆ ಮಾತ್ರ ಹಾಗೆ ಸಾಯಲು ಆಗುವುದು. ಒಂದು ವರ್ಷದಲ್ಲಿ ನಾವು ಎಷ್ಟು ಪಳಗಿದೆವೆಂದರೆ, ಅವನು ಗುಂಡು ಹೊಡೆಯುವ ಮೊದಲೇ ಅದು ಎಲ್ಲಿಗೆ ಬೀಳುತ್ತದೆಂದು ತಿಳಿದು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆವು.

ನಾವಿಬ್ಬರೂ ಮಾತಿಲ್ಲದೆ ಆಡುತ್ತಿದ್ದೆವು. ಹನ್ನೆರಡು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕಿವಿಯ ಹತ್ತಿರ ನಿಂತು ಕೂಗಿದರೂ ಕೇಳುವುದಿಲ್ಲ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ಕಿವುಡಾದ ಲಕ್ಷ್ಮಯ್ಯ ನಮಗೆಲ್ಲ ಸನ್ನೆ ಕಲಿಸಿದ್ದ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ. ಬೆರಳು ಎಡಕ್ಕೆ ವಾಲಿದರೆ ಎಡದ ಅಂಚಿನಲ್ಲಿ, ಬಲಕ್ಕಾದರೆ ಬಲದಲ್ಲಿ. ಮುಷ್ಟಿ ಹಿಡಿದರೆ ಲಾಳಿ ಸಿಕ್ಕಿಕೊಂಡಿದೆ, ನಿಲ್ಲಿಸು. ಹೆಬ್ಬೆರಳು ಕೆಳಗೆ ಮಾಡಿದರೆ ಕಂಡಿಕೆ ಖಾಲಿ. ಇವೇ ಸನ್ನೆ ಆಟಕ್ಕೂ ಬಂದವು. ಎದುರಾಳಿ ಎಡದಲ್ಲಿದ್ದಾನೆ, ಮುಂದೆ ಬರಬೇಡ, ನನ್ನ ಗುಂಡು ಖಾಲಿ. ಒಂದು ಕೈ ಕೀಲಿಗಳ ಮೇಲೆ, ಇನ್ನೊಂದು ಕೈ ಮಾತಿಗೆ.

ಇನ್ನೊಂದು ಸನ್ನೆಯಿತ್ತು. ತೋರುಬೆರಳನ್ನು ಕಿವಿಯ ಪಕ್ಕ ಕೊಂಬಿನಂತೆ ನಿಲ್ಲಿಸಿ ದವಡೆ ಆಡಿಸುವುದು. ಕೋಣ ಬಂತು. ಮೂರು ಹೊತ್ತೂ ಎಲೆಅಡಿಕೆ ಜಗಿಯುವ ಯಜಮಾನರಿಗೆ ಲಕ್ಷ್ಮಯ್ಯ ಇಟ್ಟ ಹೆಸರು. ಶೆಡ್ಡಿನಲ್ಲಿ ಆಳುಗಳು ಕೂರುವಂತಿಲ್ಲ. ಕಾಲು ನೋವು ತಡೆಯಲಾರದೆ ಯಾರಾದರೂ ಹಲಗೆಯ ಮೇಲೆ ಕುಂಡಿ ಊರಿದ್ದರೆ, ಬಾಗಿಲ ಹತ್ತಿರದವರು ಆ ಬೆರಳೆತ್ತುತ್ತಿದ್ದರು. ಅದು ಕಣ್ಣಿಗೆ ಬಿದ್ದರೆ ತಲೆಗೆ ಹೊಳೆಯುವ ಮೊದಲೇ ಕಾಲು ಎದ್ದು ನಿಂತಿರುತ್ತಿತ್ತು. ಆ ಶೆಡ್ಡಿನಲ್ಲಿ ನಮ್ಮದು ಅಂತ ಇದ್ದದ್ದು ಅದೊಂದೇ, ನಮ್ಮ ಕೈಮಾತು.

ಮುಂದಿನ ವರ್ಷ ಯುಗಾದಿ ಕಳೆದ ಮೇಲೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೆಂಟರುಗಳನ್ನು ನಡೆಸುವ ಒಂದು ಕಂಪನಿಯವರು ದೊಡ್ಡಬಳ್ಳಾಪುರದಲ್ಲಿ ಶಾಖೆ ಕೊಡುತ್ತೇವೆಂದು ಬಂದರು. ಜೊತೆಗೆ ಒಂದು ಪಂದ್ಯ. ಅವರ ಕಡೆಯಿಂದ ಅಭಿ ಎಂಬ ಹುಡುಗ ಮತ್ತು ಅವನ ಜೊತೆಗಾರ. ಬೆಂಗಳೂರಿನಲ್ಲಿ ಈ ಆಟದಲ್ಲಿ ಅಭಿಯನ್ನು ಸೋಲಿಸಿದವರಿಲ್ಲವಂತೆ. ನಮ್ಮ ಕಡೆಯಿಂದ ವೇಣುಗೋಪಾಲ್ ಮತ್ತು ಅವನ ಸ್ನೇಹಿತ ಎಂದು ಮಾತಾಗಿತ್ತು. ಪಂದ್ಯದ ಹಿಂದಿನ ದಿನ ನಮ್ಮಿಬ್ಬರನ್ನೂ ಶೆಡ್ಡಿನ ಅಂಗಳಕ್ಕೆ ಕರೆದರು.

“ನೀವೇ ಆಡ್ಬೇಕು,” ಎಂದ ವೇಣುಗೋಪಾಲ್. “ಆಮೇಲೆ ಸೋಲ್ಬೇಕು. ಅವ್ರ ಹುಡುಗ್ರು ಗೆದ್ರೆ ಅವ್ರಿಗೆ ಖುಷಿ, ಶಾಖೆ ನಮ್ಗೆ.”

“ನೀವೇ ಆಡಿ ಸೋಲ್ಬೋದಲ್ವ ಚಿಕ್ಕ ಯಜಮಾನ್ರೆ?” ಅನಿತ ಕೇಳಿದಳು.

“ನಾನು ಸೋತ್ರೆ ಮಾನ ಹೋಗುತ್ತೆ. ನೀವು ಸೋತ್ರೆ ಏನೇ ಹೋಗುತ್ತೆ?”

ಆದಿನಾರಾಯಣಪ್ಪನವರು ಎಲೆಅಡಿಕೆ ಉಗಿದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. “ನಾವೂ ನೀವೂ ಒಂದೇ ಕುಲಸ್ಥರು ಕಣಪ್ಪ ಮುರಳಿ. ಮನೆ ಮರ್ಯಾದೆ ಉಳ್ಸಿ.” ಒಂದೇ ಕುಲಸ್ಥರ ಮನೆಯಲ್ಲಿ ನಾನು ಹತ್ತು ವರ್ಷದಿಂದ ಹಿತ್ತಲ ಬಾಗಿಲಲ್ಲೇ ನೀರು ಕುಡಿದಿದ್ದೇನೆ.

ಮರುದಿನ ಕೋಣೆಯ ತುಂಬ ಜನ. ಗೋಡೆಯ ಮೇಲೆ ‘ಬೆಂಗಳೂರು – ದೊಡ್ಡಬಳ್ಳಾಪುರ’ ಎಂಬ ಬ್ಯಾನರು. ಒಂದು ಕಡೆ ಅಭಿಯ ಫೋಟೋ, ಹೆಸರು. ಇನ್ನೊಂದು ಕಡೆ ಬರೀ ಊರಿನ ಹೆಸರು. ಅಭಿ ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

“ಇವ್ರಾ? ಏನ್ ಗುರು, ಮಗ್ಗ ಹೊಡ್ಯೋರ್ನ ಕೂರ್ಸಿದೀರ! ಕೈ ನೋಡಿ, ಬರೀ ಎಣ್ಣೆ. ತೊಳ್ಕೊಂಡ್ ಬರೋಕೆ ಹೇಳಿ.”

ಕೈ ಬೆಳಿಗ್ಗೆಯೇ ಸೋಪು ಹಾಕಿ ತೊಳೆದಿದ್ದೆವು. ಮಗ್ಗದ ಎಣ್ಣೆ ಗೆರೆಗಳಲ್ಲಿ ಕೂತಿರುತ್ತದೆ, ಅದು ಹೋಗುವಂಥದ್ದಲ್ಲ. ಆದರೂ ವೇಣುಗೋಪಾಲ್ ಅಷ್ಟೂ ಜನರ ಎದುರಿಗೆ ಬಕೆಟ್ಟು ತರಿಸಿ ನಮ್ಮಿಬ್ಬರ ಕೈಗೂ ನೀರು ಹುಯ್ಯಿಸಿದ. ಆಮೇಲೆ ನಾವು ಮುಟ್ಟುವ ಕೀಲಿಗಳ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿದ. ಯಾರೋ ನಕ್ಕರು.

ಕೈ ಒರೆಸಿಕೊಳ್ಳುತ್ತಾ ಅನಿತ ಮೆಲ್ಲಗೆ ಅಂದಳು. “ನಾನಿವತ್ತು ಸಾಯಲ್ಲ ಮುರಳಣ್ಣ.”

“ಹುಚ್ಚು ಹಿಡೀತೇನೆ? ಮಗ್ಗ ಹೋಗುತ್ತೆ.”

“ಒಂದೇ ಒಂದ್ಸಲ. ನಮ್ಗೆ ಎಷ್ಟು ಆಡಕ್ಕೆ ಬರುತ್ತೆ ಅಂತ ನಮ್ಗೇ ಗೊತ್ತಿಲ್ವಲ್ಲ.”

ಅದು ನಿಜ. ಒಂದು ವರ್ಷ ಆಡಿ ಒಂದು ಸಲವೂ ಪೂರ್ತಿ ಆಡಿರಲಿಲ್ಲ. ಬೇಡವೆನ್ನಲು ಬಾಯಿ ತೆರೆದೆ, ಪ್ಲಾಸ್ಟಿಕ್ ಹಾಳೆ ಕಣ್ಣಿಗೆ ಬಿತ್ತು. “ಆಯ್ತು,” ಎಂದೆ.

ಮೂರು ಆಟ, ಎರಡು ಗೆದ್ದವರು ಗೆದ್ದಂತೆ. ಮೊದಲ ಆಟ ಶುರುವಾದ ಐದು ನಿಮಿಷಕ್ಕೆ ಅಭಿಯ ಜೊತೆಗಾರನ ಟ್ಯಾಂಕು ಒಡೆಯಿತು. ಅಭಿ “ಲೆಫ್ಟ್ ಬಾ, ಲೆಫ್ಟ್ ಬಾ!” ಎಂದು ಅರಚುತ್ತಲೇ ಇದ್ದ. ಅವನು ಜಾಣ, ಅನಿತಳದನ್ನು ಒಡೆದ. ಉಳಿದವರು ನಾನು ಮತ್ತು ಅವನು. ಅವನ ಗುಂಡು ಖಾಲಿಯಾಗಿದೆ, ತುಂಬಿಕೊಳ್ಳಲು ಓಡುತ್ತಿದ್ದಾನೆ ಅಂತ ನನಗೆ ಗೊತ್ತಾಗಿತ್ತು. ಮೂಲೆಗೆ ಒತ್ತಿಕೊಂಡು ಹೋದೆ. ಇನ್ನೊಂದೇ ಗುಂಡು ಸಾಕಿತ್ತು.

ಆಗ ಆದಿನಾರಾಯಣಪ್ಪನವರು ಕಂಪನಿಯವರನ್ನು ಕರೆದುಕೊಂಡು ಬಾಗಿಲಿಗೆ ಬಂದರು. ಬಾಗಿಲ ಕಡೆ ಕೂತಿದ್ದವಳು ಅನಿತ. ಅವಳ ತೋರುಬೆರಳು ತಾನಾಗಿಯೇ ಕಿವಿಯ ಪಕ್ಕ ಎದ್ದಿತು. ಅಷ್ಟೇ. ನಾನು ಕೀಲಿಗಳಿಂದ ಕೈ ತೆಗೆದು ದಡಬಡ ಎದ್ದು ನಿಂತೆ.

ನಿಂತ ಮೇಲೆ ಗೊತ್ತಾಯಿತು. ಪರದೆಯ ಮೇಲೆ ನನ್ನ ಟ್ಯಾಂಕು ಅನಾಥವಾಗಿ ನಿಂತಿತ್ತು. ಅಭಿ ನಿಧಾನವಾಗಿ ಹೋಗಿ ಗುಂಡು ತುಂಬಿಕೊಂಡು ಬಂದು ಅದನ್ನು ಒಡೆದ. ಜನ ಚಪ್ಪಾಳೆ ಹೊಡೆದರು.

ಯಜಮಾನರು ನನ್ನ ಬೆನ್ನು ತಟ್ಟಿದರು. “ಭೇಷ್ ಕಣೋ. ಹಿಂಗ್ ಸೋಲ್ಬೇಕು. ಎಲ್ಲಿಂದ ಕಲ್ತ್ಯೋ ಇಷ್ಟು ಚೆನ್ನಾಗಿ?”

ನನಗೆ ಅಳು ಬಂತು. ಹೊಡೆದಿದ್ದರೆ ಬರುತ್ತಿರಲಿಲ್ಲ. ಅನಿತ ತನ್ನ ಬೆರಳನ್ನೇ ನೋಡುತ್ತಾ, ಕತ್ತರಿಸಿ ಎಸೆಯುವವಳಂತೆ ಕೂತಿದ್ದಳು.

“ಬೆಂಗ್ಳೂರಿಗೆ ಹೋಗಿ ಇವ್ರ ಜೊತೆ ಆಡ್ದೆ ಅಂತ ಹೇಳೋಕೂ ನಾಚ್ಕೆ ಆಗುತ್ತೆ ಮಗಾ,” ಎಂದ ಅಭಿ ಜೊತೆಗಾರನಿಗೆ. “ಮಧ್ಯದಲ್ಲಿ ಎದ್ ನಿಂತ್ಕೊಂಡ, ನಮಸ್ಕಾರ ಹೊಡ್ಯೋಕೆ!”

ಎರಡನೇ ಆಟದಲ್ಲಿ ನಾವು ಒಂದು ವರ್ಷ ಬಚ್ಚಿಟ್ಟದ್ದನ್ನೆಲ್ಲ ತೆಗೆದೆವು. ಅವಳು ಬೆರಳು ಬಲಕ್ಕೆ ವಾಲಿಸುವಷ್ಟರಲ್ಲಿ ನಾನು ಬಲಕ್ಕೆ ತಿರುಗಿರುತ್ತಿದ್ದೆ. ನಾನು ಮುಷ್ಟಿ ಹಿಡಿದರೆ ಅವಳು ಗೋಡೆಗೆ ಅಂಟಿ ನಿಲ್ಲುತ್ತಿದ್ದಳು. ಸಾವಿರಾರು ಎಳೆಗಳಲ್ಲಿ ಹರಿದ ಒಂದನ್ನು ಕಂಡುಹಿಡಿಯುವ ಕಣ್ಣಿಗೆ ಎರಡು ಟ್ಯಾಂಕು ಯಾವ ಲೆಕ್ಕ? ಎಷ್ಟು ಸುಖವಾಗಿತ್ತು ಅದು! ಮೂರೇ ನಿಮಿಷದಲ್ಲಿ ಅವರ ಎರಡೂ ಒಡೆದವು, ನಮ್ಮವು ಎರಡೂ ಉಳಿದಿದ್ದವು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಭಿ ಕುರ್ಚಿ ಒದ್ದು ಎದ್ದ.

“ಚೀಟಿಂಗ್! ಅವ್ಳು ಕೈಯಲ್ಲಿ ಏನೋ ತೋರಿಸ್ತಿದ್ಲು, ನಾನೇ ನೋಡ್ದೆ!”

ಕಂಪನಿಯವರು ಯಜಮಾನರ ಮುಖ ನೋಡಿದರು. ವೇಣುಗೋಪಾಲ್ ಬಂದವನೇ ನನ್ನ ಕತ್ತಿನ ಪಟ್ಟಿ ಹಿಡಿದ. “ಸೂಳೆಮಗನೆ, ಏನ್ ಹೇಳಿದ್ದೆ ನಿಂಗೆ? ಕಳ್ಳಾಟ ಆಡ್ದೆ ಅಂತ ಒಪ್ಕೊ. ತಪ್ಪಾಯ್ತು ಅನ್ನು, ಇಲ್ಲಿಗೆ ಮುಗೀಲಿ.”

ಒಪ್ಪಿಕೊಂಡರೆ ಮುಗಿಯುತ್ತಿತ್ತು, ಅದೂ ನಿಜ. ಮಗ್ಗ ಉಳಿಯುತ್ತಿತ್ತು. ಊರು ನಮ್ಮನ್ನು ಕಳ್ಳರೆನ್ನುತ್ತಿತ್ತು. ನನ್ನ ನಾಲಿಗೆ ‘ತಪ್ಪಾಯ್ತು’ ಎನ್ನಲು ತಯಾರಾಗಿಯೇ ಇತ್ತು, ಅದಕ್ಕೆ ಅಭ್ಯಾಸ. ಅನಿತ ಎದ್ದು ನಿಂತಳು.

“ಕಳ್ಳಾಟ ಅಲ್ಲ. ಅವ್ರು ಬಾಯಲ್ಲಿ ಅರಚ್ತಿದ್ರು, ನಾವು ಕೈಯಲ್ಲಿ ಅಂದ್ವಿ. ಮಾತಾಡ್ಬಾರ್ದು ಅಂತ ರೂಲ್ಸ್ ಇತ್ತಾ?”

“ಯಾವ್ ಮಾತೇ ಅದು ಕೈಯಲ್ಲಿ?” ಯಜಮಾನರು ಗದರಿದರು.

“ಶೆಡ್ಡಿನ ಮಾತು.” ಅವಳು ಎರಡು ಬೆರಳಾಡಿಸಿದಳು. “ಇದು, ಎಳೆ ಹರಿದಿದೆ. ಇದು ಲಾಳಿ ಸಿಕ್ಕೊಂಡಿದೆ. ಇದು ಕಂಡಿಕೆ ಖಾಲಿ.” ಒಂದೊಂದನ್ನೂ ಜನರ ಕಡೆ ತಿರುಗಿ ತೋರಿಸಿದಳು. ಕಂಪನಿಯವರಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

ಅಭಿ ಅಲ್ಲಿಗೇ ಬಿಡಲಿಲ್ಲ. “ಇನ್ನೊಂದಿತ್ತು. ಮೊದಲ್ನೇ ಆಟದಲ್ಲಿ, ಕಿವಿ ಹತ್ರ. ಅದನ್ನ ನೋಡೇ ಇವ್ನು ಎದ್ದಿದ್ದು. ಅದೇನು?”

ಬೇಡವೆಂದು ಮುಷ್ಟಿ ಹಿಡಿದು ತೋರಿಸಿದೆ. ಅದನ್ನು ಹೇಳಿದರೆ ಇಡೀ ಶೆಡ್ಡಿನ ಗುಟ್ಟು ಹೋಗುತ್ತದೆ. ಹೇಳದಿದ್ದರೆ ನಾವು ಕಳ್ಳರು. ಅನಿತ ನನ್ನ ಮುಷ್ಟಿಯನ್ನು ನೋಡಿದಳು. ಆಮೇಲೆ ಯಜಮಾನರ ಕಡೆ ತಿರುಗಿ, ತೋರುಬೆರಳನ್ನು ಕಿವಿಯ ಪಕ್ಕ ಕೊಂಬಿನಂತೆ ನಿಲ್ಲಿಸಿ, ನಿಧಾನವಾಗಿ ದವಡೆ ಆಡಿಸಿದಳು.

“ಇದು ನೀವು, ಯಜಮಾನ್ರೆ. ಕೋಣ ಬಂತು, ಎದ್ದೇಳಿ ಅಂತ. ಶೆಡ್ಡಲ್ಲಿ ನೀವು ನಮ್ಮನ್ನ ಕೂರಕ್ಕೆ ಬಿಡಲ್ವಲ್ಲ, ಅದಕ್ಕೆ.”

ಆದಿನಾರಾಯಣಪ್ಪನವರ ಬಾಯಿ ತುಂಬ ಎಲೆಅಡಿಕೆಯಿತ್ತು. ಜಗಿಯುವುದು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಅರ್ಧ ಕೋಣೆ ನಕ್ಕಿತು. ವೇಣುಗೋಪಾಲ್ ಅವಳ ಕೆನ್ನೆಗೆ ಹೊಡೆದ. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಕೆನ್ನೆ ಮುಟ್ಟಿಕೊಳ್ಳದೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ನಾನೂ ಕೂತೆ.

ಅಭಿ ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡುತ್ತಿದ್ದ. ಒದ್ದ ಕುರ್ಚಿಯನ್ನು ಎಳೆದುಕೊಂಡು ಅವನೂ ಕೂತ.

“ಬನ್ನಿ ಅಭಿ, ಹೊರಡೋಣ. ನೀವೇ ಗೆದ್ದಂಗೆ,” ಎಂದ ವೇಣುಗೋಪಾಲ್.

“ಒಂದೊಂದ್ ಆಗಿದೆ ಗುರು. ಹಿಂಗೇ ಬಿಟ್ಟೋದ್ರೆ ನಂಗೆ ನಿದ್ದೆ ಬರಲ್ಲ. ಏ ಮಗಾ, ನೀನೂ ಕೂತ್ಕೊ, ಶುರು ಮಾಡು.”

ಆದಿನಾರಾಯಣಪ್ಪನವರು ನನ್ನ ಹಿಂದೆ ಬಂದು ನಿಂತರು. ಎಲೆಅಡಿಕೆಯ ವಾಸನೆ ನನ್ನ ಕತ್ತಿನ ಮೇಲೆ ಬೀಳುತ್ತಿತ್ತು.

“ಏಳೋ,” ಎಂದರು, ಮೆಲ್ಲಗೆ. “ಎದ್ರೆ ನಾಳೆ ಬೆಳಿಗ್ಗೆ ಮಗ್ಗದ ಮುಂದೆ ನಿಲ್ತೀಯ. ಕೂತ್ರೆ ಈ ಊರಲ್ಲಿ ಯಾವ್ ಶೆಡ್ಡಿನ ಬಾಗ್ಲೂ ನಿಂಗೆ ತೆಗ್ಯಲ್ಲ. ಅವ್ಳಿಗೂ ಅಷ್ಟೆ.”

ಅವರು ಸುಳ್ಳು ಹೇಳುವವರಲ್ಲ. ಊರಿನ ಶೆಡ್ಡಿನವರೆಲ್ಲ ಅವರ ನೆಂಟರೇ. ಏಳಬಾರದು ಎಂದುಕೊಂಡೆ. ಆದರೆ ನನ್ನ ಮಂಡಿ ನನ್ನ ಮಾತು ಕೇಳಿ ಬೆಳೆದದ್ದಲ್ಲ, ಅವರ ಮಾತು ಕೇಳಿ ಬೆಳೆದದ್ದು. ತೊಡೆ ಆಗಲೇ ಕುರ್ಚಿ ಬಿಟ್ಟು ಮೇಲೇಳುತ್ತಿತ್ತು. ಎರಡೂ ಪಾದಗಳನ್ನು ಕುರ್ಚಿಯ ಕಾಲುಗಳಿಗೆ ಸುತ್ತಿ ಬಿಗಿದೆ. ಕಬ್ಬಿಣ ಕಣಕಾಲಿಗೆ ಒತ್ತಿ ನೋಯಿತು. ಯಜಮಾನರ ಕೈ ನನ್ನ ಕಾಲರಿಗೆ ಬಂದು ಎಳೆಯಿತು. ಕುರ್ಚಿ ನನ್ನೊಂದಿಗೇ ಕಿರ್ರೆಂದು ಹಿಂದೆ ಸರಿಯಿತು, ಅಂಗಿಯ ಗುಂಡಿ ಕಿತ್ತು ಹಾರಿತು. ನಾನು ಪ್ಲಾಸ್ಟಿಕ್ ಹಾಳೆ ಕಿತ್ತೆಸೆದು ಕೀಬೋರ್ಡನ್ನು ಮಡಿಲಿಗೆ ಎಳೆದುಕೊಂಡೆ.

ಪರದೆಯ ಮೇಲೆ ಮೂರನೇ ಆಟ ಶುರುವಾಗಿತ್ತು. ಅನಿತ ಎರಡು ಬೆರಳನ್ನು ಎಡಕ್ಕೆ ವಾಲಿಸಿದಳು. ನಾನು ಎಡಕ್ಕೆ ತಿರುಗಿಸಿದೆ.