ಮುಖವಿಲ್ಲದ ಪ್ರಾಣಿ

ಕಿಟಕಿಯ ಅಂಚಿನಲ್ಲಿ ಕೂತಿದ್ದ ಬೂದು ಬಟ್ಟೆಯ ಪ್ರಾಣಿಗೆ ನಾಲ್ಕು ಕಾಲು, ಒಂದು ಮೊಂಡು ಬಾಲ, ಉರುಟು ತಲೆ ಇದ್ದವು. ಮುಖ ಇರಲಿಲ್ಲ. ಇಪ್ಪತ್ತೆರಡು ದಿನಗಳಿಂದ ಇರಲಿಲ್ಲ. ದಿನ ಎಣಿಸಿದವಳು ಹಿರಿಸೊಸೆ.

ಮನೆಯ ಕೆಳ ಅಂತಸ್ತಿನಲ್ಲೇ ಅತ್ತೆಯ ಗೊಂಬೆ ಕಾರ್ಖಾನೆ: ಆರು ಹೊಲಿಗೆ ಯಂತ್ರ, ಎರಡು ಮೇಜು, ಹತ್ತಿ ತುಂಬಲು ಒಂದು ಮೂಲೆ. ಹನ್ನೆರಡು ವರ್ಷಗಳಿಂದ ಹೊಸ ಮಾದರಿಗಳನ್ನು ಮಾಡುತ್ತಿದ್ದವಳು ಹಿರಿಸೊಸೆಯೇ. ಬೀರುವಿನಲ್ಲಿ ಹಳೆಯ ಕ್ಯಾಟಲಾಗುಗಳ ಕಟ್ಟಿತ್ತು. ಒಂದರಿಂದ ಕಿವಿ, ಇನ್ನೊಂದರಿಂದ ಬಾಲ ಎತ್ತಿಕೊಂಡರೆ ಎರಡೇ ದಿನದಲ್ಲಿ ಮೊಲವೋ ಕರಡಿಯೋ ಸಿದ್ಧ. ಯಾರೂ ಕೊಂಕು ತೆಗೆದಿರಲಿಲ್ಲ. ಕಳೆದ ವರ್ಷ ಮೈದುನನನ್ನು ಮದುವೆಯಾಗಿ ಬಂದ ವಾರಗಿತ್ತಿ ಒಂದು ಆನೆ ಮಾಡಿದಳು. ಸಗಟು ವ್ಯಾಪಾರಿ ಅದನ್ನು ಕೈಯಿಂದ ಕೆಳಗಿಡಲೇ ಇಲ್ಲ. ಅಂದಿನಿಂದ ಹಿರಿಸೊಸೆಗೆ ಉಂಡದ್ದು ಮೈಗೆ ಹತ್ತಿರಲಿಲ್ಲ.

ಸೋಮವಾರ ಆ ವ್ಯಾಪಾರಿ ಮತ್ತೆ ಬರುವವನಿದ್ದ. ಈ ಸಲ ಅವನು ಯಾರ ಗೊಂಬೆ ಆರಿಸುತ್ತಾನೋ, ಮಾದರಿಯ ಕೆಲಸ ಇನ್ನು ಮುಂದೆ ಅವರದೇ ಎಂದು ಅತ್ತೆ ಹೇಳಿಯಾಗಿತ್ತು. ಹಿರಿಸೊಸೆಯ ಮೊಲ ಆಗಲೇ ಸಿದ್ಧವಾಗಿತ್ತು.

"ಇನ್ನೂ ಮುಗೀಲಿಲ್ವೇನೇ?" ಬೂದು ಪ್ರಾಣಿಯ ಕಡೆ ಕೈ ತೋರಿಸಿ ಹಿರಿಸೊಸೆ ವಾರಗಿತ್ತಿಯನ್ನು ಕೇಳಿದಳು.

"ಇಲ್ಲ ಅಕ್ಕ. ಅದು ಏನು ಅಂತ ನಂಗೇ ಇನ್ನೂ ಗೊತ್ತಾಗಿಲ್ಲ."

"ದಿನಾ ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ತಿರುಗಿಸಿ ಇಡ್ತೀಯ. ನಾನು ಹಾಗೆ ಕೂತಿದ್ರೆ ಮೈಗಳ್ಳಿ ಅಂತಿದ್ರು."

ಅತ್ತೆ ನಕ್ಕರು. "ಬಿಡೇ, ಅವಳ ಪಾಡಿಗೆ ಅವಳು ಮಾಡ್ಲಿ."

ಆ ಮಾತೇ ಚುಚ್ಚಿತು. ಹನ್ನೆರಡು ವರ್ಷದಲ್ಲಿ ತನ್ನನ್ನು ಯಾರೂ ತನ್ನ ಪಾಡಿಗೆ ಬಿಟ್ಟಿರಲಿಲ್ಲ. ತಾನೂ ಕೇಳಿರಲಿಲ್ಲ ಎಂಬುದು ನಿಜ. ಆದರೆ ಹೊಟ್ಟೆಕಿಚ್ಚಿಗೆ ಅಂಥ ವಿವರಗಳು ಬೇಕಾಗುವುದಿಲ್ಲ.

ಶನಿವಾರ ಎಲ್ಲರೂ ಊಟಕ್ಕೆ ಮೇಲೆ ಹೋದಾಗ ಅವಳು ಆ ಪ್ರಾಣಿಯನ್ನು ಮಡಿಲಿಗೆ ಎಳೆದುಕೊಂಡಳು. ಎರಡು ಕಪ್ಪು ಗುಂಡಿ, ಗುಲಾಬಿ ಮೂಗು, ನಗುವ ಬಾಯಿ. ಇಪ್ಪತ್ತು ನಿಮಿಷ ಹಿಡಿಯಿತು. ಮುದ್ದಾದ ಮುಖ, ಅಂಗಡಿ ಅಂಗಡಿಯಲ್ಲೂ ಸಿಗುವಂಥದು. ಅದು ಹಾಗಾಗಲಿ ಎಂದೇ ಅವಳು ಹೊಲಿದದ್ದು.

ವಾರಗಿತ್ತಿ ಇಳಿದು ಬಂದು ಪ್ರಾಣಿಯ ಮುಂದೆ ನಿಂತಳು.

"ತಡ ಆಗುತ್ತಲ್ಲ ಅಂತ ನಾನೇ ಮುಗಿಸ್ದೆ," ಎಂದಳು ಹಿರಿಸೊಸೆ. ಜಗಳಕ್ಕೆ ಟೊಂಕ ಕಟ್ಟಿಯೇ ಕೂತಿದ್ದಳು.

ಜಗಳ ಬರಲಿಲ್ಲ. ವಾರಗಿತ್ತಿ ಬಹಳ ಹೊತ್ತು ನೋಡಿದಳು, ಆಮೇಲೆ ಚಿಕ್ಕ ಕತ್ತರಿಯಿಂದ ದಾರ ಬಿಡಿಸತೊಡಗಿದಳು. "ಒಳ್ಳೇದೇ ಆಯ್ತು ಅಕ್ಕ. ಕಣ್ಣು ಇಟ್ಟ ಮೇಲೆ ಗೊತ್ತಾಯ್ತು ನೋಡಿ, ಇದಕ್ಕೆ ಕಣ್ಣು ಬೇಡ. ದೊಡ್ಡ ಕಿವಿ ಬೇಕು. ಇದು ಮಕ್ಕಳ ಮಾತು ಕೇಳಿಸ್ಕೊಳ್ಳೋ ಪ್ರಾಣಿ. ಆದ್ರೆ ಸೋಮವಾರಕ್ಕೆ ಆಗಲ್ಲ. ನಿಮ್ಮ ಮೊಲಾನೇ ತೋರಿಸಿ."

ಕೆಡಿಸಲು ಹೋದದ್ದೂ ಅವಳಿಗೇ ಒದಗಿತ್ತು! ಹಿರಿಸೊಸೆಯ ಮೈಯೆಲ್ಲ ಉರಿಯಿತು. ಕೆಲಸ ತನಗೇ ಉಳಿಯಿತೆಂಬ ಸಮಾಧಾನ ಮಾತ್ರ ಎಷ್ಟು ಕರೆದರೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತೆ ಮೊಲವನ್ನು ಒರೆಸಿ ಮೇಜಿನ ಮೇಲಿಟ್ಟರು.

"ಅದನ್ನ ತೋರಿಸ್ಬೇಡಿ ಅತ್ತೆ."

"ಯಾಕೆ? ಚೆನ್ನಾಗೇ ಇದೆಯಲ್ಲ."

"ಕಿವಿ ಒಂದು ಕಡೇದು, ಬಾಲ ಇನ್ನೊಂದು ಕಡೇದು. ಅದ್ರಲ್ಲಿ ನಂದು ಅಂತ ಇರೋದು ದಾರ ಮಾತ್ರ."

"ತಲೆ ಕೆಟ್ಟಿದೆಯೇನೇ? ಎದುರಿಗೆ ಯಾರೂ ಇಲ್ಲ, ಕೆಲಸ ನಿಂಗೇ ಬಂದ ಹಾಗೆ."

"ಹಾಗೆ ಬರೋದು ಬೇಡ. ನಂಗೂ ಟೈಮ್ ಕೊಡಿ."

"ಎಷ್ಟು ದಿನ?"

"ಅವಳನ್ನ ಕೇಳಿದ್ರಾ, ಎಷ್ಟು ದಿನ ಅಂತ?"

ಅತ್ತೆ ವ್ಯಾಪಾರಿಗೆ ಫೋನ್ ಮಾಡಿ, ಮುಂದಿನ ತಿಂಗಳು ಬನ್ನಿ ಎಂದರು.

ಹಿರಿಸೊಸೆ ಒಂದು ಹಸಿರು ಬಟ್ಟೆ ಹರಡಿಕೊಂಡು ಕೂತಳು. ಕತ್ತರಿಸಲು ಏನೂ ಹೊಳೆಯಲಿಲ್ಲ. ಹತ್ತು ನಿಮಿಷಕ್ಕೇ ಕ್ಯಾಟಲಾಗು ತೆಗೆದು ಇನ್ನೊಂದು ಮೊಲ ಕತ್ತರಿಸಲು ಕೈ ತುರಿಸತೊಡಗಿತು. ಪಕ್ಕದ ಮೇಜಿನಲ್ಲಿ ವಾರಗಿತ್ತಿ ಇವಳ ಕಡೆ ತಿರುಗಿಯೂ ನೋಡದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಇಷ್ಟು ನೆಮ್ಮದಿಯಾಗಿರಲು ಅವಳಿಗೆ ಅದು ಹೇಗೆ ಆಗುತ್ತದೋ ಎಂದು ಹಿರಿಸೊಸೆ ಹಲ್ಲು ಕಚ್ಚಿದಳು. ಕಚ್ಚಿಕೊಂಡೇ, ಕತ್ತರಿಯನ್ನು ಕೈಗೆಟುಕದಷ್ಟು ದೂರ ಸರಿಸಿದಳು.